ಫ್ರೆಂಡ್ಸ್ ಇರೋ ಜಾಗ ಬಿಟ್ಟು ಎಲ್ಲಿಗೆ ಹೋಗೋದು?

“ಆ ಫೋನ್ ಪಕ್ಕಕ್ಕಿಟ್ಟು ಸ್ವಲ್ಪ ಜನರ ಜೊತೆ ಬೆರೆಯೋದು ಕಲಿ.” ಹದಿನೈದು ಹದಿನಾರು ವಯಸ್ಸಿನ ಮಕ್ಕಳಿಗೆ ದೊಡ್ಡವರು ಹೇಳೋ ಈ ಮಾತನ್ನ ಕೇಳದೇ ಇರೋರು ಯಾರೂ ಇರ್ಲಿಕ್ಕಿಲ್ಲ. ಕಾಳಜಿಯಿಂದಾನೇ ಹೇಳ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೇಳಿಸ್ಕೊಳ್ಳೋ ಮಗುಗೆ ಈ ಮಾತು ತಲೆಬುಡ ಇಲ್ಲದ್ದಾಗಿ ಕಾಣುತ್ತೆ, ಯಾಕಂದ್ರೆ ಅದರ ಜನ ಇರೋದೇ ಆ ಫೋನ್ ಒಳಗೆ. ಕ್ಲಾಸಲ್ಲಿ ಪಕ್ಕ ಕೂರೋಳು, ಜಗಳ ಆಡಿ ಮಾತು ಬಿಟ್ಟಿರೋಳು, ಮನಸ್ಸಲ್ಲೇ ಇಷ್ಟಪಡ್ತಿರೋ ಹುಡುಗ, ಪ್ರಾಜೆಕ್ಟ್‌ಗೆ ಜೊತೆ ಸೇರಬೇಕಾದೋರು, ಎಲ್ರೂ ಅಲ್ಲೇ. ಹಾಗಾಗಿ ಫೋನ್ ಇಡು ಅಂದ್ರೆ ಅವರಿಗೆ ಕೇಳ್ಸೋದು “ಎಲ್ರೂ ಇರೋ ರೂಮಿಂದ ನೀನೊಬ್ಬಳೇ ಎದ್ದು ಬಾ” ಅಂತ.

ನಾನು ಈ ವಿಷಯದ ಬಗ್ಗೆ ಕೆಲವು ವರ್ಷದಿಂದ ಸಿಕ್ಕಿದ್ದೆಲ್ಲ ಓದ್ತಾ ಬಂದಿದೀನಿ, ಮನೆಯಲ್ಲಿ ಬೆಳೀತಿರೋ ಮಕ್ಕಳನ್ನ ಹತ್ತಿರದಿಂದ ನೋಡ್ತಾನೂ ಇದೀನಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಂಗೆ ಅನ್ಸೋದು ಏನಂದ್ರೆ, ನಾವು ಇಡೀ ಚರ್ಚೇನ ಒಂದೊಂದು ಮಗುವಿನ ಚಟದ ಪ್ರಶ್ನೆ ಮಾಡ್ಕೊಂಡು ಕೂತಿದೀವಿ. ಎಷ್ಟು ಗಂಟೆ ನೋಡ್ತು, ಮನಸ್ಸು ಗಟ್ಟಿ ಇಲ್ವಾ, ಅಪ್ಪ ಅಮ್ಮ ಸರಿಯಾಗಿ ನೋಡ್ಕೊಂಡಿಲ್ವಾ, ಇಷ್ಟೇ. ಆದ್ರೆ ಇದು ಒಬ್ಬರ ಚಟ ಅಲ್ಲ, ಒಂದು ಇಡೀ ಗುಂಪು ಒಟ್ಟಿಗೆ ಸಿಕ್ಕಾಕೊಂಡಿರೋ ಸ್ಥಿತಿ. ಒಬ್ಬರೇ ಬಿಡಿಸ್ಕೊಳ್ಳೋಕೆ ಹೋದ್ರೆ ಅದಕ್ಕೆ ಬೆಲೆ ತೆರಬೇಕಾಗೋದು ಆ ಒಬ್ಬರೇ.

ಮೊದಲು ಒಂದು ವಿಷಯ. “ಸೋಷಿಯಲ್ ಮೀಡಿಯಾ” ಅಂತ ನಾವು ಒಂದೇ ಉಸಿರಲ್ಲಿ ಹೇಳೋದು ಅವರ ಪಾಲಿಗೆ ಒಂದೇ ಜಾಗ ಅಲ್ಲವೇ ಅಲ್ಲ. ಎಲ್ರೂ ನೋಡೋ ಮೇನ್ ಅಕೌಂಟ್ ಒಂದು, ಅದರಲ್ಲಿ ಫೋಟೋ ತುಂಬ ಕಮ್ಮಿ, ಇರೋ ನಾಲ್ಕೈದೂ ಆರಿಸಿ ಆರಿಸಿ ಹಾಕಿದ್ದು. ಇನ್ನೊಂದು ಹತ್ತಿರದೋರಿಗೆ ಮಾತ್ರ ಇರೋ ಪ್ರೈವೇಟ್ ಅಕೌಂಟ್, ಅಲ್ಲಿ ಅಳು, ಬೈಗುಳ, ಕೆಟ್ಟ ಸೆಲ್ಫಿ ಎಲ್ಲ ಇರುತ್ತೆ. ಕ್ಲಾಸ್ ಗ್ರೂಪ್ ಬೇರೆ, ಟೀಚರ್ ಇಲ್ಲದ ಕ್ಲಾಸ್ ಗ್ರೂಪ್ ಬೇರೆ, ಅದರಲ್ಲೂ ಒಬ್ಬಳನ್ನ ಬಿಟ್ಟು ಮಾಡ್ಕೊಂಡ ಗ್ರೂಪ್ ಬೇರೆ. ಯಾವ ಮಾತು ಎಲ್ಲಿ ಆಡ್ಬೇಕು, ಯಾರ ಸ್ಟೋರಿಗೆ ಎಷ್ಟು ಹೊತ್ತಲ್ಲಿ ರಿಪ್ಲೈ ಮಾಡ್ಬೇಕು, ಯಾರ ಫೋಟೋಗೆ ಕಮೆಂಟ್ ಹಾಕ್ದೇ ಇದ್ರೆ ಅದು ಜಗಳ ಅಂತ ಅರ್ಥ, ಇದೆಲ್ಲ ಅವರಿಗೆ ಕರಗತ. ದೊಡ್ಡವರು ನೆಂಟರಿಷ್ಟರ ನಡುವೆ ಎಷ್ಟು ಹುಷಾರಾಗಿ ನಡ್ಕೋತಾರೋ ಅಷ್ಟೇ ಹುಷಾರಾಗಿ ಈ ಮಕ್ಕಳು ಅಲ್ಲಿ ನಡ್ಕೋತಾರೆ. ಸುಮ್ನೆ ಬೆರಳು ಆಡಿಸ್ತಾ ಕೂತಿದಾರೆ ಅಂತ ಹೊರಗಿನಿಂದ ಕಾಣುತ್ತೆ, ಒಳಗೆ ಬೆಟ್ಟದಷ್ಟು ಕೆಲಸ ನಡೀತಿರುತ್ತೆ.

ನಮ್ಮಕ್ಕನ ಮಗಳು ಒಂದು ಸಂಜೆ ಒಂದೇ ಒಂದು ಫೋಟೋ ಹಾಕೋದನ್ನ ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಸುಮಾರು ಫೋಟೋ ತೆಗೆದು ಅದರಲ್ಲಿ ಮೂರನ್ನ ಆರಿಸಿದ್ಲು. ಆ ಮೂರನ್ನ ಇಬ್ಬರು ಗೆಳತಿಯರಿಗೆ ಕಳಿಸಿ ಯಾವುದು ಚೆನ್ನಾಗಿದೆ ಅಂತ ಕೇಳಿದ್ಲು, ಇಬ್ಬರೂ ಬೇರೆ ಬೇರೆ ಹೇಳಿದ್ರು, ಮತ್ತೆ ಮೂರನೆಯವಳ ಹತ್ರ ಹೋಯ್ತು. ಕ್ಯಾಪ್ಷನ್ ಬರೆದು ಅಳಿಸಿ ಕೊನೆಗೆ ಒಂದು ಎಮೋಜಿ ಮಾತ್ರ ಇಟ್ಲು. ಹಾಕೋ ಮುಂಚೆ ಗೆಳತಿಯರಿಗೆ “ಹಾಕ್ತಿದೀನಿ, ರೆಡಿ ಇರಿ” ಅಂತ ಮೆಸೇಜ್ ಮಾಡಿದ್ಲು, ಅವರು ಮೊದಲ ಎರಡು ನಿಮಿಷದಲ್ಲೇ ಕಮೆಂಟ್ ಹಾಕ್ಬೇಕು, ಅದು ಅವರವರಲ್ಲಿ ಇರೋ ಒಪ್ಪಂದ. ಆಮೇಲೆ ಫೋನನ್ನ ಮುಖ ಕೆಳಗೆ ಮಾಡಿ ಇಟ್ಟು ನನ್ ಜೊತೆ ಮಾತಾಡೋಕೆ ಶುರು ಮಾಡಿದ್ಲು, ಆದ್ರೆ ಅವಳ ಗಮನ ಪೂರ್ತಿ ಆ ಫೋನ್ ಮೇಲೇ ಇತ್ತು. ಅರ್ಧ ಗಂಟೆ ಬಿಟ್ಟು ನೋಡಿ, “ಚಿಕ್ಕಮ್ಮ, ಅವ್ಳು ನೋಡಿದಾಳೆ, ಲೈಕ್ ಮಾಡಿಲ್ಲ” ಅಂದ್ಲು. ನೂರಕ್ಕೂ ಹೆಚ್ಚು ಜನ ಲೈಕ್ ಮಾಡಿದ್ರು. ಅವಳ ಮನಸ್ಸಿಗೆ ಚುಚ್ಚಿದ್ದು ಆ ಒಬ್ಬಳದ್ದು. ರಾತ್ರಿ ಮಲಗೋ ಹೊತ್ತಿಗೆ ಫೋಟೋ ತೆಗೆದುಹಾಕಿದ್ಲು.

ಆ ಹುಡುಗೀಲಿ ಯಾವ ದೌರ್ಬಲ್ಯವೂ ನಂಗೆ ಕಾಣ್ಲಿಲ್ಲ. ಹದಿನಾರನೇ ವಯಸ್ಸಲ್ಲಿ ಯಾರು ನನ್ನನ್ನ ಇಷ್ಟಪಡ್ತಾರೆ, ನಾನು ಯಾರ ಪೈಕಿ ಅನ್ನೋದೇ ಜೀವನದ ದೊಡ್ಡ ಪ್ರಶ್ನೆ, ಎಲ್ಲ ಕಾಲದಲ್ಲೂ ಅದು ಹಾಗೇ ಇತ್ತು. ಬದಲಾಗಿದ್ದು ಏನಂದ್ರೆ, ಮುಂಚೆ ಕಣ್ಣಿಗೆ ಕಾಣದೇ ಇದ್ದದ್ದೆಲ್ಲ ಈಗ ಕಾಣುತ್ತೆ, ಅದೂ ಲೆಕ್ಕದ ಸಮೇತ. ಫೇಸ್‌ಬುಕ್ 2009ರ ಫೆಬ್ರವರಿಯಲ್ಲಿ ಲೈಕ್ ಬಟನ್ ತಂತು, ಮೆಚ್ಚುಗೆಗೆ ನಂಬರ್ ಬಂತು. ವಾಟ್ಸಾಪ್ 2014ರ ನವೆಂಬರಲ್ಲಿ ಬ್ಲೂ ಟಿಕ್ ತಂತು, ಓದಿದೀಯೋ ಇಲ್ವೋ ಅನ್ನೋದು ಬಯಲಾಯ್ತು. ಸ್ನ್ಯಾಪ್‌ಚಾಟ್ 2015ರಲ್ಲಿ ಸ್ಟ್ರೀಕ್ ತಂತು, 2016ರಲ್ಲಿ ಇನ್‌ಸ್ಟಾಗ್ರಾಂ ಸ್ಟೋರಿ ತಂದು ಯಾರ್ಯಾರು ನೋಡಿದಾರೆ ಅನ್ನೋ ಪಟ್ಟೀನೇ ಕೊಡ್ತು. ಒಂದೊಂದನ್ನೂ ಬಿಡಿಯಾಗಿ ನೋಡಿದ್ರೆ ಚಿಕ್ಕ ಸೌಲಭ್ಯ ಅಷ್ಟೇ. ಏಳೆಂಟು ವರ್ಷದಲ್ಲಿ ಒಂದರ ಮೇಲೊಂದು ಬಂದು ಕೂತಾಗ ಗೆಳೆತನ ಅನ್ನೋದರ ಸ್ವರೂಪವೇ ಬೇರೆ ಆಯ್ತು. ಬ್ಲೂ ಟಿಕ್ ಬರೋ ಮುಂಚೆ ಗೆಳತಿಯ ಮೌನಕ್ಕೆ ನಾವೇ ಒಂದು ಒಳ್ಳೆ ಕಾರಣ ಊಹಿಸ್ಕೋಬಹುದಿತ್ತು, ಮೆಸೇಜ್ ನೋಡಿರ್ಲಿಕ್ಕಿಲ್ಲ, ಮಲಗಿರ್ಬಹುದು, ಏನೋ ಕೆಲಸ ಇರ್ಬಹುದು. ಆ ಊಹೆ ಸುಳ್ಳೇ ಆಗಿರ್ಲಿ, ಸಂಬಂಧ ಉಳ್ಕೊಳ್ತಾ ಇದ್ದದ್ದು ಎಷ್ಟೋ ಸಲ ಅದರಿಂದಾನೇ. ಈಗ ಆ ಊಹೆಗೆ ಜಾಗಾನೇ ಇಲ್ಲ, ಒಂಬತ್ತೂ ಹನ್ನೆರಡಕ್ಕೆ ಓದಿದಾಳೆ, ಒಂಬತ್ತೂ ಇಪ್ಪತ್ತಕ್ಕೆ ಬೇರೆಯವರ ಸ್ಟೋರಿ ನೋಡಿದಾಳೆ, ನಂಗೆ ಉತ್ತರ ಕೊಟ್ಟಿಲ್ಲ. ಸೆಟ್ಟಿಂಗ್ಸಲ್ಲಿ ಬ್ಲೂ ಟಿಕ್ ಆಫ್ ಮಾಡ್ಬಹುದಲ್ಲ ಅಂತೀರಾ? ಮಾಡ್ಬಹುದು. ಆಗ “ಯಾಕೆ ಆಫ್ ಮಾಡಿದೀಯ, ಏನು ಮುಚ್ಚಿಡ್ತಿದೀಯ” ಅನ್ನೋ ಹೊಸ ಪ್ರಶ್ನೆ ಬರುತ್ತೆ.

ಸ್ಟ್ರೀಕ್ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬೇಕು. ಇಬ್ಬರು ಸ್ನೇಹಿತರು ದಿನಾ ತಪ್ಪದೆ, 24 ಗಂಟೆ ಒಳಗೆ, ಒಬ್ಬರಿಗೊಬ್ಬರು ಫೋಟೋನೋ ವೀಡಿಯೋನೋ ಕಳಿಸಿದ್ರೆ ಅವರ ಹೆಸರಿನ ಮುಂದೆ ಬೆಂಕಿಯ ಚಿತ್ರ ಬರುತ್ತೆ, ಪಕ್ಕದಲ್ಲಿ ಎಷ್ಟು ದಿನ ಆಯ್ತು ಅನ್ನೋ ಸಂಖ್ಯೆ. ಗಡುವು ಮುಗಿಯೋಕೆ ಬಂದ್ರೆ ಮರಳು ಗಡಿಯಾರದ ಚಿತ್ರ ಕಾಣಿಸ್ಕೊಳ್ಳುತ್ತೆ. ಒಂದು ದಿನ ತಪ್ಪಿದ್ರೆ ಐನೂರು ದಿನದ್ದೂ ಸೊನ್ನೆ. ಮಕ್ಕಳು ಕಳಿಸೋ ಫೋಟೋಲಿ ಎಷ್ಟೋ ಸಲ ಏನೂ ಇರಲ್ಲ, ಗೋಡೆ, ಸೀಲಿಂಗ್, ಅರ್ಧ ಹಣೆ. ಹೇಳೋಕೆ ಏನೂ ಇಲ್ಲದ ದಿನಾನೂ ಕಳಿಸ್ಲೇಬೇಕು, ಇಲ್ದಿದ್ರೆ “ನಂಗೆ ನೀನು ಅಷ್ಟು ಮುಖ್ಯ ಅಲ್ಲ” ಅಂದ ಹಾಗೆ. ಜ್ವರ ಬಂದು ಮಲಗಿರೋ ಹುಡುಗಿ ತನ್ನ ಪಾಸ್‌ವರ್ಡ್ ಗೆಳತಿಗೆ ಕೊಟ್ಟು “ನನ್ ಸ್ಟ್ರೀಕ್ಸ್ ನೋಡ್ಕೊ” ಅಂತ ಹೇಳೋದು ಈ ಮಕ್ಕಳಲ್ಲಿ ಮಾಮೂಲು. ಕಡಿದುಹೋದ ಸ್ಟ್ರೀಕ್ ವಾಪಸ್ ತರೋಕೆ ಈಗ ದುಡ್ಡೂ ಕಟ್ಟಬಹುದು. ಗೆಳೆತನ ಕಳ್ಕೊಳ್ಳೋ ಭಯಕ್ಕೆ ಒಂದು ಬೆಲೆಪಟ್ಟಿ ಅಂಟಿಸೋದು ನಂಗೆ ಯಾವ ರೀತಿಯಲ್ಲೂ ಸರಿ ಅನ್ಸಲ್ಲ, ಅದೂ ಮಕ್ಕಳ ಮುಂದೆ.

ಇದೆಲ್ಲ ಆಕಸ್ಮಿಕವಾಗಿ ಆದದ್ದಲ್ಲ. ಫೇಸ್‌ಬುಕ್‌ನ ಮೊದಲ ಅಧ್ಯಕ್ಷ ಶಾನ್ ಪಾರ್ಕರ್ 2017ರಲ್ಲಿ ಬಾಯಿಬಿಟ್ಟು ಹೇಳಿದ, ಜನರ ಸಮಯ, ಗಮನ ಎರಡನ್ನೂ ಸಾಧ್ಯವಾದಷ್ಟು ಹೆಚ್ಚು ಎಳ್ಕೊಳ್ಳೋದು ಹೇಗೆ ಅನ್ನೋದೇ ಶುರುವಲ್ಲಿ ಅವರ ಯೋಚನೆ ಆಗಿತ್ತು, ಮನುಷ್ಯನ ಮನಸ್ಸಿನ ಒಂದು ದುರ್ಬಲ ಜಾಗವನ್ನ ಗೊತ್ತಿದ್ದೇ ಬಳಸ್ಕೊಂಡ್ವಿ ಅಂತ. 2006ರಲ್ಲಿ ಕೊನೆಯೇ ಇಲ್ಲದ ಸ್ಕ್ರಾಲ್ ರೂಪಿಸಿದ ಅಜಾ ರಾಸ್ಕಿನ್ ಕೂಡ ಆಮೇಲೆ ಅದರ ಬಗ್ಗೆ ಬೇಜಾರು ಪಟ್ಕೊಂಡಿದಾರೆ. ಪುಟ ಮುಗಿದು “ಮುಂದಿನ ಪುಟ” ಒತ್ತಬೇಕಾದಾಗ ಸಿಗ್ತಿದ್ದ ಅರೆಕ್ಷಣ, ಸಾಕು ಅಂತ ಎದ್ದು ಹೋಗೋಕೆ ಇದ್ದ ಒಂದೇ ಬಾಗಿಲು ಅದು, ಅದನ್ನೂ ತೆಗೆದುಹಾಕಿದ್ರು.

ಇನ್ನು ಹಾನಿ ಎಷ್ಟು ಅನ್ನೋ ಪ್ರಶ್ನೆ. ಇಲ್ಲಿ ಸಂಶೋಧಕರಲ್ಲೇ ಒಮ್ಮತ ಇಲ್ಲ, ಅದನ್ನ ಮುಚ್ಚಿಟ್ಟು ಹೆದರಿಸೋ ಬರಹಗಳು ನಂಗೆ ಇಷ್ಟ ಆಗಲ್ಲ. ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಇಟ್ಕೊಂಡು ನೋಡಿದಾಗ, ಮಕ್ಕಳ ನೆಮ್ಮದಿಯಲ್ಲಿ ಕಾಣೋ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಗೆ ತಳುಕು ಹಾಕಬಹುದಾದ ಪಾಲು ಹೆಚ್ಚಂದ್ರೆ ಶೇ. 0.4 ಅಂತ ಬಂತು. ಇನ್ನೊಂದು ಕಡೆ ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡೋ ಮುಖ್ಯ ವೈದ್ಯ, ಆಗಿದ್ದ ಡಾ. ವಿವೇಕ್ ಮೂರ್ತಿ 2023ರ ಮೇ ತಿಂಗಳಲ್ಲಿ ಕೊಟ್ಟ ಎಚ್ಚರಿಕೆಯಲ್ಲಿ, ದಿನಕ್ಕೆ 3 ಗಂಟೆಗಿಂತ ಹೆಚ್ಚು ಸೋಷಿಯಲ್ ಮೀಡಿಯಾದಲ್ಲಿರೋ ಮಕ್ಕಳಲ್ಲಿ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಎರಡು ಪಟ್ಟು ಅನ್ನೋ ಅಧ್ಯಯನವನ್ನ ಉಲ್ಲೇಖ ಮಾಡಿದ್ರು, 2024ರಲ್ಲಿ ಸಿಗರೇಟ್ ಪ್ಯಾಕ್ ಮೇಲೆ ಇರೋ ಥರ ಎಚ್ಚರಿಕೆಯ ಲೇಬಲ್ ಹಾಕಿ ಅಂತಾನೂ ಕೇಳಿದ್ರು. ಎರಡನ್ನೂ ಓದಿದೋರಿಗೆ ಯಾವುದನ್ನ ನಂಬೋದು ಅನ್ಸೋದು ಸಹಜ. ನಂಗೆ ಕಾಣೋದು, ಲಕ್ಷಾಂತರ ಮಕ್ಕಳ ಸರಾಸರಿ ತೆಗೆದಾಗ ಅದರಿಂದ ಜೀವ ಬಂದ ಮಗು, ಅದರಿಂದ ನಲುಗಿದ ಮಗು ಇಬ್ಬರೂ ಒಂದರಲ್ಲೊಂದು ಕರಗಿಹೋಗ್ತಾರೆ. ಕಂಪನಿಗಳಿಗೇ ಇದು ಗೊತ್ತಿತ್ತು. ಅಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಹಾಗನ್ 2021ರಲ್ಲಿ ಹೊರಗೆ ತಂದ ಫೇಸ್‌ಬುಕ್‌ನ ಒಳಗಿನ ದಾಖಲೆಗಳಲ್ಲಿ, ತಮ್ಮ ದೇಹದ ಬಗ್ಗೆ ಬೇಜಾರಲ್ಲಿದ್ದಾಗ ಇನ್‌ಸ್ಟಾಗ್ರಾಂ ಆ ಬೇಜಾರನ್ನ ಇನ್ನೂ ಹೆಚ್ಚು ಮಾಡ್ತು ಅಂತ ಹೇಳಿದ ಹದಿಹರೆಯದ ಹುಡುಗಿಯರು ಶೇ. 32. ಹೆಚ್ಚು ಕಮ್ಮಿ ಮೂವರಲ್ಲಿ ಒಬ್ಬಳು. ಆ ಒಬ್ಬಳ ಕಣ್ಣೀರು ಉಳಿದ ಇಬ್ಬರ ಜೊತೆ ಸೇರಿ ಸರಾಸರಿ ಆದಾಗ ಕಾಣದೇ ಹೋಗುತ್ತೆ, ಅಷ್ಟೇ, ಇಲ್ಲ ಅಂತಾಗಲ್ಲ.

ನನ್ನ ಯೋಚನೇನ ನಿಜಕ್ಕೂ ಬದಲಾಯಿಸಿದ್ದು ಇವೆರಡೂ ಅಲ್ಲ, 2023ರಲ್ಲಿ ಬಂದ ಇನ್ನೊಂದು ಅಧ್ಯಯನ. ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಲಿಯೊನಾರ್ಡೊ ಬರ್ಸ್ಟಿನ್ ಮತ್ತು ಜೊತೆಗಾರರು ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳನ್ನ ಕೇಳಿದ್ರು, ನಾಲ್ಕು ವಾರ ಟಿಕ್‌ಟಾಕೋ ಇನ್‌ಸ್ಟಾಗ್ರಾಮೋ ಬಿಡೋಕೆ ನಿಮಗೆ ಎಷ್ಟು ದುಡ್ಡು ಕೊಡ್ಬೇಕು? ಸರಾಸರಿ 50 ಡಾಲರ್ ಆಸುಪಾಸು ಬಂತು. ಸರಿ, ಅಂದ್ರೆ ಅವರಿಗೆ ಅದು ಅಷ್ಟು ಬೇಕು ಅಂತಾಯ್ತು, ಇಲ್ಲಿಗೇ ನಿಲ್ಲಿಸಿದ್ರೆ ಕಂಪನಿಗಳು ಹೇಳೋದೇ ನಿಜ. ಆದ್ರೆ ಅವರು ಇನ್ನೊಂದು ಪ್ರಶ್ನೆ ಕೇಳಿದ್ರು. ನಿಮ್ಮ ಕಾಲೇಜಿನವರೆಲ್ಲ ಒಟ್ಟಿಗೆ ಬಿಡೋದಾದ್ರೆ? ಆಗ ಲೆಕ್ಕ ತಲೆಕೆಳಗಾಯ್ತು. ಎಲ್ರೂ ಒಟ್ಟಿಗೆ ಬಿಡೋ ಹಾಗಿದ್ರೆ ಅದಕ್ಕೆ ತಾವೇ ಕೈಯಿಂದ ದುಡ್ಡು ಕೊಡೋಕೂ ಸರಾಸರಿ ವಿದ್ಯಾರ್ಥಿ ತಯಾರಿದ್ದ. ದಿನಾ ಬಳಸೋರಲ್ಲೇ ಎಷ್ಟೋ ಜನ ಈ ಆಪ್‌ಗಳು ಇಲ್ಲದೇ ಇದ್ದಿದ್ರೇ ಚೆನ್ನಾಗಿತ್ತು ಅಂದ್ರು.

ಇದನ್ನ ಓದಿದ ಮೇಲೆ ನಾನು ಸುಮಾರು ಹೊತ್ತು ಮುಂದಿನದನ್ನ ಓದೋಕೆ ಆಗ್ಲಿಲ್ಲ. ಇಷ್ಟ ಇರೋದಕ್ಕೆ ಅಲ್ಲ, ಬೇರೆಯವರೆಲ್ಲ ಅಲ್ಲಿರೋದಕ್ಕೆ ನಾನೂ ಅಲ್ಲಿರ್ತೀನಿ, ನಾನು ಅಲ್ಲಿರೋದಕ್ಕೆ ಬೇರೆಯವರೂ ಅಲ್ಲಿರ್ತಾರೆ. ಯಾರನ್ನ ಬೇಕಾದ್ರೂ ಕೇಳಿ ನೋಡಿ, ಸಾಕಾಗಿದೆ ಅಂತಾರೆ, ಆದ್ರೆ ಮೊದಲು ಎದ್ದು ಹೋಗೋರು ಯಾರು?

ಇನ್ನೂ ಬೇಜಾರಿನ ಸಂಗತಿ ಅಂದ್ರೆ, ಯಾರಿಗೋಸ್ಕರ ಅಲ್ಲಿ ಇದಾರೋ ಆ ಫ್ರೆಂಡ್ಸ್ ಅಲ್ಲಿ ಹೆಚ್ಚು ಕಾಣೋದೂ ಇಲ್ಲ. ಟಿಕ್‌ಟಾಕ್ ಬಂದ ಮೇಲೆ ಎಲ್ಲ ಆಪ್‌ಗಳೂ ಅದರ ದಾರಿ ಹಿಡಿದ್ವು, 2020ರಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ತಂತು, ನೀನು ಯಾರನ್ನ ಫಾಲೋ ಮಾಡ್ತೀಯ ಅನ್ನೋದಕ್ಕಿಂತ ನಿನ್ನ ಬೆರಳು ಎಲ್ಲಿ ನಿಂತ್ಕೊಳ್ಳುತ್ತೆ ಅನ್ನೋದು ಮುಖ್ಯ ಆಯ್ತು. 2025ರಲ್ಲಿ ಅಮೆರಿಕದ ಕೋರ್ಟಲ್ಲಿ ತನ್ನ ಮೇಲಿದ್ದ ಏಕಸ್ವಾಮ್ಯದ ಕೇಸಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರ ಒಡೆತನ ಇರೋ ಮೆಟಾ ಕಂಪನಿಯೇ ಮುಂದಿಟ್ಟ ಅಂಕಿ ಪ್ರಕಾರ, ಇನ್‌ಸ್ಟಾಗ್ರಾಮಲ್ಲಿ ಜನ ಕಳಿಯೋ ಹೊತ್ತಲ್ಲಿ ಸ್ನೇಹಿತರು ಹಾಕಿದ್ದನ್ನ ನೋಡೋದು ಶೇ. 7 ಮಾತ್ರ, ಫೇಸ್‌ಬುಕ್ಕಲ್ಲಿ ಶೇ. 17. ಉಳಿದದ್ದರಲ್ಲಿ ಬಹುಪಾಲು ಮುಖ ಪರಿಚಯ ಇಲ್ಲದೋರ ವೀಡಿಯೋ. ಅಂದ್ರೆ ಮಕ್ಕಳನ್ನ ಒಳಗೆ ಕಟ್ಟಿಹಾಕಿರೋದು ಗೆಳೆತನ, ಒಳಗೆ ಬಡಿಸ್ತಿರೋದು ಅಪರಿಚಿತರನ್ನ. ಡಿಎಂಗಳಲ್ಲಿ, ಅಂದ್ರೆ ಆಪ್ ಒಳಗಿನ ಖಾಸಗಿ ಮೆಸೇಜಲ್ಲಿ, ಮಾತುಕತೆ ಇನ್ನೂ ಇದೆ, ನಿಜ, ಆದ್ರೆ ಅಲ್ಲೂ ಗಮನಿಸಿದ್ರೆ ಅರ್ಧಕ್ಕರ್ಧ ಒಬ್ಬರಿಗೊಬ್ಬರು ರೀಲ್ಸ್ ಕಳಿಸೋದೇ ಇರುತ್ತೆ. “ಇದು ನೀನೇ” ಅಂತ ಒಂದು ರೀಲ್, ಅದಕ್ಕೆ ನಗೋ ಎಮೋಜಿ, ಅದಕ್ಕೆ ಇನ್ನೊಂದು ರೀಲ್. ನಿನ್ ನೆನಪಾಯ್ತು ಅಂತ ಹೇಳೋ ರೀತಿ ಅದು, ಅದರಲ್ಲೂ ಪ್ರೀತಿ ಇದೆ, ನಾನು ಅದನ್ನ ಹಗುರ ಮಾಡಲ್ಲ. ಆದ್ರೆ ತನ್ನ ಮಾತಲ್ಲಿ ತನ್ನ ಬಗ್ಗೆ ಹೇಳ್ಕೊಳ್ಳೋ ಅಭ್ಯಾಸ ಕಮ್ಮಿ ಆಗ್ತಿದೆ, ಬೇಜಾರಾದಾಗ್ಲೂ ಬೇರೆ ಯಾರೋ ಮಾಡಿದ ಬೇಜಾರಿನ ರೀಲ್ ಒಂದನ್ನ ಸ್ಟೋರಿಗೆ ಹಾಕಿ, ಯಾರಾದ್ರೂ ಕೇಳ್ತಾರಾ ಅಂತ ಕಾಯ್ತಾರೆ.

ಹಾಗಂತ ಎಲ್ಲ ಕಿತ್ತುಹಾಕಿ ಅನ್ನೋಕೆ ನಂಗೆ ಮನಸ್ಸು ಬರಲ್ಲ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸಲ್ಲಿ ಡಾರ್ನೆಲ್ಲಾ ಫ್ರೇಜಿಯರ್ ಅನ್ನೋ ಹದಿನೇಳರ ಹುಡುಗಿ ಒಂಬತ್ತು ವರ್ಷದ ಕಸಿನ್‌ನ ಕರ್ಕೊಂಡು ಅಂಗಡಿಗೆ ಹೊರಟವಳು, ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಜನಾಂಗದ ವ್ಯಕ್ತಿಯ ಕುತ್ತಿಗೆ ಮೇಲೆ ಮೊಣಕಾಲು ಊರಿದ್ದನ್ನ ನೋಡಿ ಅಲ್ಲೇ ನಿಂತು ಫೋನಲ್ಲಿ ರೆಕಾರ್ಡ್ ಮಾಡಿ ಫೇಸ್‌ಬುಕ್‌ಗೆ ಹಾಕಿದ್ಲು. ಫ್ಲಾಯ್ಡ್ ತೀರ್ಕೊಂಡ, ಆದ್ರೆ ಪೊಲೀಸರ ಮೊದಲ ಹೇಳಿಕೆಯಲ್ಲಿ ಅದು ಬಂಧನದ ವೇಳೆ ಆದ ಆರೋಗ್ಯದ ಸಮಸ್ಯೆ ಅನ್ನೋ ಹಾಗೆ ಇತ್ತು. ಆ ಹುಡುಗಿಯ ವೀಡಿಯೋ ಇಲ್ದೇ ಇದ್ದಿದ್ರೆ ಜನರ ನೆನಪಲ್ಲಿ ಉಳೀತಿದ್ದದ್ದು ಅದೇ. 2021ರಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಕೊಡೋ ಪುಲಿಟ್ಜರ್ ಮಂಡಳಿ ಅವಳಿಗೆ ವಿಶೇಷ ಗೌರವ ಕೊಡ್ತು. ಹವಾಮಾನ ಬದಲಾವಣೆ ತಡೀರಿ ಅಂತ ಸ್ವೀಡನ್ ಸಂಸತ್ತಿನ ಮುಂದೆ 2018ರ ಆಗಸ್ಟಲ್ಲಿ ಒಬ್ಬಳೇ ಕೂತ ಗ್ರೇಟಾ ಥುನ್‌ಬರ್ಗ್‌ಗೆ 15 ವರ್ಷ, 2019ರ ಮಾರ್ಚ್ ಹೊತ್ತಿಗೆ ನೂರಕ್ಕೂ ಹೆಚ್ಚು ದೇಶದ ಹತ್ತು ಲಕ್ಷಕ್ಕೂ ಮೀರಿದ ಮಕ್ಕಳು ಕ್ಲಾಸ್ ಬಿಟ್ಟು ಬೀದಿಗೆ ಬಂದಿದ್ರು. ಇವು ದೊಡ್ಡ ಸುದ್ದಿಗಳು. ಸುದ್ದಿಯಾಗದೇ ಇರೋದೂ ಇದೆ, ಕಿವಿ ಕೇಳದ ಹುಡುಗನಿಗೆ ಸನ್ನೆ ಭಾಷೆಯಲ್ಲಿ ಹರಟೆ ಹೊಡೆಯೋ ಗೆಳೆಯರು ವೀಡಿಯೋದಲ್ಲಿ ಸಿಕ್ಕಿರ್ತಾರೆ, ಅಪರೂಪದ ಕಾಯಿಲೆ ಇರೋ ಹುಡುಗಿಗೆ ಅದೇ ಕಾಯಿಲೆಯ ಇನ್ನೊಬ್ಬಳು ಸಿಕ್ಕಿರ್ತಾಳೆ, ಸುತ್ತಮುತ್ತ ಯಾರಿಗೂ ಆಸಕ್ತಿ ಇಲ್ಲದ ವಿಷಯ ಹಚ್ಕೊಂಡಿರೋ ಮಗುಗೆ ತನ್ನಂಥೋರು ಸಿಕ್ಕಿರ್ತಾರೆ. ಇಂಥ ಮಗುವಿಗೆ ಫೋನ್ ಕಿತ್ಕೊಂಡು ಜನರ ಜೊತೆ ಬೆರಿ ಅನ್ನೋದು ದೊಡ್ಡ ಅನ್ಯಾಯ.

ಹಾಗಾದ್ರೆ ಏನ್ ಮಾಡ್ಬೇಕು ಅಂತ ಕೇಳ್ದಾಗ ಎಲ್ರೂ ಕಾನೂನಿನ ಕಡೆ ನೋಡ್ತಾರೆ. ಆಸ್ಟ್ರೇಲಿಯಾ 2024ರ ನವೆಂಬರಲ್ಲಿ ಕಾನೂನು ಮಾಡಿ 2025ರ ಡಿಸೆಂಬರ್ 10ರಿಂದ 16 ತುಂಬದೋರಿಗೆ ಇನ್‌ಸ್ಟಾಗ್ರಾಂ, ಟಿಕ್‌ಟಾಕ್ ಥರದ ಆಪ್‌ಗಳಲ್ಲಿ ಅಕೌಂಟ್ ಇರಬಾರದು ಅಂತ ಮಾಡ್ತು. ದಂಡ ಇರೋದು ಕಂಪನಿಗೆ, 49.5 ಮಿಲಿಯನ್ ಆಸ್ಟ್ರೇಲಿಯನ್ ಡಾಲರ್‌ವರೆಗೆ, ಮಗುಗೂ ಇಲ್ಲ, ಅಪ್ಪ ಅಮ್ಮಂಗೂ ಇಲ್ಲ. ನಂಗೆ ಅದರಲ್ಲಿ ಹಿಡಿಸಿದ್ದು ಎರಡು ವಿಷಯ, ಒಂದು ಹೊಣೆ ಯಾರ ಮೇಲೆ ಇರ್ಬೇಕೋ ಅವರ ಮೇಲಿದೆ, ಇನ್ನೊಂದು ಎಲ್ಲ ಮಕ್ಕಳಿಗೂ ಒಟ್ಟಿಗೆ ಅನ್ವಯ ಆಗುತ್ತೆ, ನಮ್ಮ ಮನೇಲಿ ಮಾತ್ರ ಯಾಕೆ ಅನ್ನೋ ಜಗಳಕ್ಕೆ ಜಾಗ ಕಮ್ಮಿ. ಹಿಡಿಸದೇ ಇರೋದು, ಮೇಲೆ ಹೇಳಿದ ಒಂಟಿ ಮಕ್ಕಳಿಗೆ ಅದು ಹೊರೆ ಆಗಬಹುದು ಅನ್ನೋದು. ಈಗ ಹೆಚ್ಚಿನ ಕಡೆ ಚಾಲ್ತಿಯಲ್ಲಿರೋ 13 ವರ್ಷದ ಮಿತಿ ಅಂತೂ ಮಗುವಿನ ಮನಸ್ಸು ನೋಡಿ ಇಟ್ಟದ್ದೇ ಅಲ್ಲ, ಅದು ಮಕ್ಕಳ ಮಾಹಿತಿ ಸಂಗ್ರಹದ ಬಗ್ಗೆ ಅಮೆರಿಕ 1998ರಲ್ಲಿ ಮಾಡಿದ ಕಾನೂನಿಂದ ಬಂದದ್ದು. ಲೈಕ್ ಬಟನ್ ಬರೋಕೆ ಹತ್ತು ವರ್ಷ ಮುಂಚಿನ ಕಾನೂನಿನ ಅಂಕಿ ಇಟ್ಕೊಂಡು ಇವತ್ತಿನ ಮಕ್ಕಳನ್ನ ಒಳಗೆ ಬಿಡ್ತಾ ಇದೀವಿ.

ಕಾನೂನು ಬರೋವರೆಗೆ ಕಾಯ್ಬೇಕಿಲ್ಲ ಅನ್ನೋದನ್ನ ನಮ್ಮಕ್ಕನ ಮಗಳ ಗುಂಪೇ ತೋರಿಸ್ತು. ಪರೀಕ್ಷೆ ಹತ್ರ ಬಂದಾಗ ಅವರಲ್ಲೇ ಒಬ್ಬಳು ಎಲ್ರೂ ಒಂದೇ ರಾತ್ರಿ ಸ್ಟ್ರೀಕ್ಸ್ ಬಿಟ್ಬಿಡೋಣ ಅಂತ ಹೇಳಿದ್ಲಂತೆ, ಯಾರೂ ಯಾರ ಮೇಲೂ ಬೇಜಾರು ಮಾಡ್ಕೋಬಾರದು ಅನ್ನೋ ಕರಾರಿನ ಮೇಲೆ. ಅಪ್ಪ ಅಮ್ಮ ಎಷ್ಟು ಹೇಳಿದ್ರೂ ಆಗದೇ ಇದ್ದದ್ದು ಒಂದು ರಾತ್ರೀಲಿ ಆಯ್ತು. ಪರೀಕ್ಷೆ ಮುಗಿದ ಮೇಲೆ ಕೆಲವರು ಮತ್ತೆ ಶುರು ಮಾಡಿದ್ರು, ಕೆಲವರು ಮಾಡ್ಲಿಲ್ಲ, ಇವಳು ಇಬ್ಬರ ಜೊತೆ ಮಾತ್ರ ಇಟ್ಕೊಂಡಿದಾಳೆ. ಹಾಗಾಗಿ ಈಗ ಯಾರಾದ್ರೂ ತಮ್ಮ ಮಗುವಿನ ಫೋನ್ ಬಗ್ಗೆ ನನ್ ಹತ್ರ ಗೋಳು ಹೇಳ್ಕೊಂಡ್ರೆ, ಮಗು ಜೊತೆ ಜಗಳ ಆಡೋಕೆ ಮುಂಚೆ ಅದರ ಹತ್ತಿರದ ಮೂರ್ನಾಲ್ಕು ಸ್ನೇಹಿತರ ಅಪ್ಪ ಅಮ್ಮಂದಿರಿಗೆ ಫೋನ್ ಮಾಡಿ ಅಂತೀನಿ. ರಾತ್ರಿ ಹತ್ತಾದ ಮೇಲೆ ನಾಲ್ಕೂ ಮನೇಲಿ ಫೋನ್ ಹೊರಗಿನ ರೂಮಲ್ಲಿ ಇರುತ್ತೆ ಅಂತಾದ್ರೆ ಮಗು ಏನನ್ನೂ ಕಳ್ಕೊಳ್ಳಲ್ಲ, ಯಾಕಂದ್ರೆ ಆ ಹೊತ್ತಲ್ಲಿ ಅಲ್ಲಿ ಯಾರೂ ಇರಲ್ಲ. ಆ ಮಾತುಕತೆಗೆ ಮಕ್ಕಳನ್ನೂ ಕೂರಿಸ್ಕೊಳ್ಳಿ, ಯಾವ ಗ್ರೂಪ್ ಇರ್ಬೇಕು, ಯಾವುದು ಹಿಂಸೆ ಆಗ್ತಿದೆ ಅನ್ನೋದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು, ಕೇಳಿದ್ರೆ ಹೇಳ್ತಾರೆ.